ಏಂಜೆಲಾ ಡೇವಿಸ್ ಅವರ ಕೂದಲು, ಕ್ಲಾಡೆಟ್ ಕಾಲ್ವಿನ್ ಅವರ ಬಣ್ಣ

ಮಂಗಳೂರಿನ ಕಾಲೇಜುಗಳಲ್ಲಿ ಮಾರ್ಚ್ 8ರ ಮಹಿಳಾ ದಿನಾಚರಣೆಗೆಂದು ವಿದ್ಯಾರ್ಥಿಗಳು ಬರೆಯುವ ಪೋಸ್ಟರುಗಳಲ್ಲಿ ಒಂದು ಆಕೃತಿಯನ್ನು ಮತ್ತೆ ಮತ್ತೆ ನೋಡಿದ್ದೇನೆ. ದುಂಡಗೆ ಹರಡಿದ ದಟ್ಟ ಗುಂಗುರು ಕೂದಲು, ಅದರ ಕೆಳಗೆ ಕಣ್ಣು ಮೂಗು ಬಿಡಿಸದೆ ಖಾಲಿ ಬಿಟ್ಟ ಮುಖ, ಪಕ್ಕದಲ್ಲಿ ಎತ್ತಿ ಹಿಡಿದ ಮುಷ್ಟಿ. ಇದು ಯಾರೆಂದು ಕೇಳಿದರೆ ಕೆಲವರಾದರೂ ಅಮೆರಿಕದ ಕಪ್ಪು ಹೋರಾಟಗಾರ್ತಿ ಏಂಜೆಲಾ ಡೇವಿಸ್ ಎಂದು ಹೇಳಬಲ್ಲರು. ಅವರು ಜೈಲಿಗೆ ಹೋದದ್ದು ಏಕೆ, ಬಿಡುಗಡೆಯಾದ ಮೇಲಿನ ಐದು ದಶಕಗಳಲ್ಲಿ ಅವರು ಬರೆದದ್ದೇನು, ಯಾವುದರ ವಿರುದ್ಧ ಮಾತನಾಡುತ್ತಾ ಬಂದರು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಅಪರೂಪ. ಇದಕ್ಕಾಗಿ ನಮ್ಮ ಮಕ್ಕಳನ್ನು ದೂರುವುದು ಸರಿಯಲ್ಲ, ಏಕೆಂದರೆ ಅಮೆರಿಕದಲ್ಲಿಯೂ ಆದದ್ದು ಇದೇ. ಕಪ್ಪು ಜನರ ಪರವಾಗಿ ಬೀದಿಗಿಳಿದ ಹೆಣ್ಣುಮಕ್ಕಳನ್ನು ಲೋಕ ಮೊದಲು ನೋಡಿತು, ಆಮೇಲೆ ಮನಸ್ಸು ಬಂದಾಗ ಕೇಳಿತು. ನೋಡುವಾಗ ಹಿಡಿದ ಅಳತೆಗೋಲು ಬಿಳಿಯರ ಚೆಲುವಿನದ್ದು. ಆ ಅಳತೆಗೆ ಒಗ್ಗದವರನ್ನು ಚಿತ್ರದಿಂದ ಹೊರಗಿಡಲಾಯಿತು. ಒಗ್ಗಿದವರನ್ನೂ, ಅಳತೆಯನ್ನು ಧಿಕ್ಕರಿಸಿಯೇ ಕಣ್ಸೆಳೆದವರನ್ನೂ ಬರೀ ಚಿತ್ರವಾಗಿ ಉಳಿಸಿಕೊಳ್ಳಲಾಯಿತು. ಎರಡೂ ಕಡೆ ಕಳೆದುಹೋದದ್ದು ಅವರ ಮಾತು. ಬಹಳ ಕಾಲದಿಂದ ನನ್ನ ಮನಸ್ಸನ್ನು ಕೊರೆಯುತ್ತಿರುವ ಈ ವಿಚಾರವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

1970ರ ಆಗಸ್ಟಿನಲ್ಲಿ ಅಮೆರಿಕದ ಎಫ್‌ಬಿಐ ತಾನು ಹುಡುಕುತ್ತಿರುವ ಹತ್ತು ಪ್ರಮುಖ ಆರೋಪಿಗಳ ಪಟ್ಟಿಗೆ 26 ವರ್ಷದ ತತ್ತ್ವಶಾಸ್ತ್ರದ ಅಧ್ಯಾಪಕಿಯೊಬ್ಬರ ಹೆಸರನ್ನು ಸೇರಿಸಿತು. ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿ, ಜರ್ಮನಿಯ ಫ್ರಾಂಕ್‌ಫರ್ಟಿನಲ್ಲೂ ಓದಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಡೇವಿಸ್ ಅವರನ್ನು ಕಮ್ಯುನಿಸ್ಟ್ ಪಕ್ಷದ ಸದಸ್ಯೆ ಎಂಬ ಕಾರಣಕ್ಕೆ ಹಿಂದಿನ ವರ್ಷವೇ ಕೆಲಸದಿಂದ ತೆಗೆಯುವ ಪ್ರಯತ್ನ ನಡೆದಿತ್ತು. ಆಗಸ್ಟ್ 7ರಂದು ಮರಿನ್ ಕೌಂಟಿಯ ನ್ಯಾಯಾಲಯಕ್ಕೆ 17 ವರ್ಷದ ಹುಡುಗನೊಬ್ಬ ಬಂದೂಕುಗಳೊಂದಿಗೆ ನುಗ್ಗಿ ನ್ಯಾಯಾಧೀಶರನ್ನೂ ಇತರರನ್ನೂ ಒತ್ತೆಯಾಗಿ ಹಿಡಿದ; ನ್ಯಾಯಾಧೀಶರು ಮತ್ತು ಆ ಹುಡುಗ ಸೇರಿ ನಾಲ್ವರು ಸತ್ತರು. ಬಂದೂಕುಗಳು ಡೇವಿಸ್ ಅವರ ಹೆಸರಿನಲ್ಲಿದ್ದವು. ಅವರು ಸ್ಥಳದಲ್ಲಿ ಇರಲಿಲ್ಲವಾದರೂ ಅಪಹರಣ, ಕೊಲೆ, ಒಳಸಂಚು ಎಂಬ ಮೂರು ಆರೋಪಗಳು ಅವರ ಮೇಲೆ ಬಿದ್ದವು. ದೇಶದ ಅಂಚೆ ಕಚೇರಿಗಳ ಗೋಡೆಗಳಿಗೆ ಅಂಟಿಸಿದ ಆ ಪೋಸ್ಟರಿನಲ್ಲಿ ಅಕ್ಕಪಕ್ಕ ಎರಡು ಫೋಟೊಗಳಿದ್ದವು. ಎರಡರಲ್ಲಿಯೂ ಮುಖಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಕೂದಲು.

ಇದರ ಫಲವನ್ನು ಅನುಭವಿಸಿದವರು ಬೇರೆ ಹೆಣ್ಣುಮಕ್ಕಳು. ಕೂದಲನ್ನು ಹಾಗೆ ಬಿಟ್ಟುಕೊಂಡಿದ್ದ ನೂರಾರು ಕಪ್ಪು ಹೆಂಗಸರನ್ನು, ಡೇವಿಸ್ ತಲೆಮರೆಸಿಕೊಂಡಿದ್ದ ಆ ಎರಡು ತಿಂಗಳುಗಳಲ್ಲಿ, ಪೊಲೀಸರು ರಸ್ತೆಯಲ್ಲಿ ತಡೆದರು, ವಿಚಾರಣೆಗೆಂದು ಎಳೆದರು, ಬಂಧಿಸಿದರು. ಎತ್ತರ, ವಯಸ್ಸು, ಮುಖ ಯಾವುದೂ ಹೊಂದಬೇಕಾಗಿರಲಿಲ್ಲ, ತಲೆಗೂದಲೊಂದು ಹೊಂದಿದರೆ ಸಾಕಿತ್ತು. ನಿಜವಾದ ಡೇವಿಸ್ ಅವರಾದರೋ ನೇರ ಕೂದಲಿನ ವಿಗ್ ಧರಿಸಿ, ಮುಖಕ್ಕೆ ಬಣ್ಣ ಹಚ್ಚಿಕೊಂಡು ಓಡಾಡುತ್ತಿದ್ದರು. ಸಮಾಜ ಯಾವುದನ್ನು ಚೆಲುವೆಂದು ಒಪ್ಪಿಕೊಂಡಿತ್ತೋ ಆ ವೇಷದೊಳಗೆ ಅವರನ್ನು ಯಾರೂ ಅಪಾಯಕಾರಿ ಎಂದು ತಿರುಗಿ ನೋಡುತ್ತಿರಲಿಲ್ಲ. ಅಕ್ಟೋಬರ್ 13ರಂದು ನ್ಯೂಯಾರ್ಕಿನಲ್ಲಿ ಸೆರೆಸಿಕ್ಕಾಗ ಡೇವಿಸ್ ಅವರನ್ನು ಅಧ್ಯಕ್ಷ ನಿಕ್ಸನ್ ಭಯೋತ್ಪಾದಕಿ ಎಂದೇ ಕರೆದರು, ವಿಚಾರಣೆ ಇನ್ನೂ ಆರಂಭವೇ ಆಗಿರಲಿಲ್ಲ. ಸುಮಾರು 16 ತಿಂಗಳು ಜೈಲಿನಲ್ಲಿದ್ದ ಮೇಲೆ, 1972ರ ಜೂನ್ 4ರಂದು, ಬಿಳಿಯರೇ ಇದ್ದ ಜ್ಯೂರಿ ಅವರನ್ನು ಮೂರೂ ಆರೋಪಗಳಿಂದ ಮುಕ್ತಗೊಳಿಸಿತು.

ಆ ತೀರ್ಪಿಗೆ ಪೋಸ್ಟರಿನಷ್ಟು ಆಯುಸ್ಸು ಸಿಗಲಿಲ್ಲ. 1994ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಡೇವಿಸ್ ಈ ನೋವನ್ನು ನೇರವಾಗಿ ಎತ್ತಿಕೊಂಡಿದ್ದಾರೆ. ಒಂದೇ ತಲೆಮಾರು ಕಳೆಯುವಷ್ಟರಲ್ಲಿ ತಾನು ಒಂದು ಕೇಶವಿನ್ಯಾಸವಾಗಿ ನೆನಪಿನಲ್ಲಿ ಉಳಿದಿದ್ದೇನೆ, ಇದು ಅವಮಾನವೂ ಹೌದು, ತಗ್ಗಿ ಯೋಚಿಸುವಂತೆ ಮಾಡುವ ಸಂಗತಿಯೂ ಹೌದು ಎಂಬುದು ಅವರ ಮಾತಿನ ಸಾರ. ಅದೇ ಸಮಯದಲ್ಲಿ ಒಂದು ಪತ್ರಿಕೆ ಅವರ ಬಂಧನದ ದಿನಗಳ ದೃಶ್ಯಗಳನ್ನು ನಟಿಯೊಬ್ಬರಿಂದ ಮರುಅಭಿನಯ ಮಾಡಿಸಿ, ಬಟ್ಟೆಬರೆಗಳ ಫ್ಯಾಶನ್ ಪುಟಗಳಾಗಿ ಅಚ್ಚು ಹಾಕಿತ್ತು. ಮರಣದಂಡನೆಯವರೆಗೂ ಹೋಗಬಹುದಾಗಿದ್ದ ಪ್ರಕರಣವೊಂದು ಉಡುಪಿನ ಜಾಹೀರಾತಾದದ್ದನ್ನು ಓದಿದಾಗ ನನಗೆ ಸಂಕಟವಾಯಿತು. ಡೇವಿಸ್ 1981ರ ತಮ್ಮ ಪುಸ್ತಕದಲ್ಲಿ ಗುಲಾಮಗಿರಿಯ ಕಾಲದ ಹೆಣ್ಣಿನ ದುಡಿಮೆಯಿಂದ ಹಿಡಿದು, ಮತದಾನದ ಹಕ್ಕಿಗಾಗಿ ಹೋರಾಡಿದ ಬಿಳಿಯ ಮಹಿಳೆಯರು ಕಪ್ಪು ಮಹಿಳೆಯರನ್ನು ಬಿಟ್ಟುಕೊಟ್ಟ ಬಗೆಯವರೆಗೆ ಎಷ್ಟೊಂದನ್ನು ಅಗೆದು ತೋರಿಸಿದ್ದಾರೆ. ಜೈಲುಗಳಿಲ್ಲದ ಸಮಾಜ ಸಾಧ್ಯವೇ ಎಂಬ ಪ್ರಶ್ನೆಯನ್ನು ದಶಕಗಳಿಂದ ಮುಂದಿಡುತ್ತಿದ್ದಾರೆ. ಅದರಲ್ಲಿ ಒಪ್ಪುವುದಕ್ಕೂ ಜಗಳವಾಡುವುದಕ್ಕೂ ಬೇಕಾದಷ್ಟಿದೆ. ಜಗಳವಾಡಬೇಕಾದರೂ ಮೊದಲು ಓದಬೇಕು.

ಕೂದಲಿನ ವಿಷಯಕ್ಕೆ ಇಷ್ಟು ತೂಕ ಏಕೆ ಬಂತೆಂಬುದನ್ನು ನಮ್ಮ ಓದುಗರಿಗೆ ಸ್ವಲ್ಪ ಹೇಳಬೇಕು. ಆಫ್ರಿಕಾ ಮೂಲದವರ ಬಿಗಿ ಸುರುಳಿಯ ಕೂದಲನ್ನು ಕಾಯಿಸಿದ ಕಬ್ಬಿಣದ ಬಾಚಣಿಗೆಯಿಂದ, ಆಮೇಲೆ ಕ್ಷಾರದ ರಾಸಾಯನಿಕಗಳಿಂದ ನೇರ ಮಾಡುವುದು ಅಮೆರಿಕದಲ್ಲಿ ಒಂದು ದೊಡ್ಡ ಉದ್ಯಮವಾಗಿ ಬೆಳೆಯಿತು. ನೆತ್ತಿ ಸುಟ್ಟರೂ, ಕಿವಿಯಂಚು ಬೆಂದರೂ ಹೆಂಗಸರು ಅದನ್ನು ಸಹಿಸಿಕೊಂಡದ್ದು ಶೋಕಿಗಾಗಿ ಎಂದು ಯಾರೂ ತಿಳಿಯಬಾರದು. ಅಂಗಡಿಯಲ್ಲಿ, ಕಚೇರಿಯಲ್ಲಿ, ಶಾಲೆಯಲ್ಲಿ ಕೆಲಸ ಬೇಕಿದ್ದರೆ ಕೂದಲು 'ಅಚ್ಚುಕಟ್ಟಾಗಿ' ಇರಬೇಕಿತ್ತು, ಅಚ್ಚುಕಟ್ಟು ಎಂದರೆ ಬಿಳಿಯರ ಕೂದಲಿಗೆ ಹತ್ತಿರವಾಗಿರುವುದು ಎಂದೇ ಅರ್ಥವಾಗಿತ್ತು. 1962ರ ಜನವರಿಯಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಡುಗಪ್ಪು ಬಣ್ಣದ ಹೆಣ್ಣುಮಕ್ಕಳು ಕೂದಲನ್ನು ಇದ್ದಂತೆಯೇ ಬಿಟ್ಟು ವೇದಿಕೆಯ ಮೇಲೆ ನಡೆದ ಪ್ರದರ್ಶನವೊಂದು ನಡೆಯಿತು. ಛಾಯಾಗ್ರಾಹಕ ಕ್ವಾಮೆ ಬ್ರಾತ್‌ವೈಟ್ ಮತ್ತು ಗೆಳೆಯರು ಸೇರಿ ನಡೆಸಿದ್ದು. 'ಕಪ್ಪು ಚೆಲುವು' ಎಂಬ ಘೋಷಣೆ ಹರಡಿದ್ದರಲ್ಲಿ ಅದಕ್ಕೆ ದೊಡ್ಡ ಪಾಲಿದೆ. ಆದ್ದರಿಂದ ಡೇವಿಸ್ ಅವರ ಕೂದಲಿಗೆ ಅರ್ಥವಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಅದೊಂದು ನಿರಾಕರಣೆಯಾಗಿತ್ತು, ಧೈರ್ಯವಾಗಿತ್ತು. 2019ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಕೂದಲಿನ ಸಹಜ ರೂಪದ ಕಾರಣಕ್ಕೆ ಶಾಲೆಯಲ್ಲೂ ಉದ್ಯೋಗದಲ್ಲೂ ತಾರತಮ್ಯ ಮಾಡುವುದನ್ನು ನಿಷೇಧಿಸುವ ಕಾನೂನು ತರಬೇಕಾಯಿತು ಎಂದರೆ, ಆ ನಿರಾಕರಣೆಯ ಕೆಲಸ ಇನ್ನೂ ಮುಗಿದಿಲ್ಲವೆಂದೇ ಅರ್ಥ.

ಚಿತ್ರದಿಂದ ಹೊರಗುಳಿದವರ ಕತೆ ಇದಕ್ಕಿಂತ ಹೆಚ್ಚು ಕಾಡುವಂಥದ್ದು. ರೋಸಾ ಪಾರ್ಕ್ಸ್ ಹೆಸರು ನಮ್ಮ ಶಾಲಾ ಮಕ್ಕಳಿಗೂ ಗೊತ್ತು: 1955ರ ಡಿಸೆಂಬರ್ 1ರಂದು ಅಲಬಾಮಾದ ಮಾಂಟ್‌ಗೊಮೆರಿಯಲ್ಲಿ ಬಸ್ಸಿನ ಆಸನವನ್ನು ಬಿಳಿಯರಿಗೆ ಬಿಟ್ಟುಕೊಡಲು ಒಪ್ಪದೆ ಬಂಧನಕ್ಕೊಳಗಾದವರು. ಅದೇ ಊರಿನಲ್ಲಿ, ಅದೇ ವರ್ಷದ ಮಾರ್ಚ್ 2ರಂದು, ಅಂದರೆ ಒಂಬತ್ತು ತಿಂಗಳು ಮೊದಲು, ಕ್ಲಾಡೆಟ್ ಕಾಲ್ವಿನ್ ಎಂಬ 15 ವರ್ಷದ ಶಾಲಾ ಹುಡುಗಿ ಅದೇ ಕೆಲಸ ಮಾಡಿದ್ದಳು. ಪೊಲೀಸರು ಅವಳನ್ನು ಬಸ್ಸಿನಿಂದ ಎಳೆದು, ಕೈಕೋಳ ತೊಡಿಸಿ, ದೊಡ್ಡವರ ಜೈಲಿಗೆ ತಳ್ಳಿದರು. ಇದು ನನ್ನ ಸಾಂವಿಧಾನಿಕ ಹಕ್ಕು ಎಂದು ಆ ಹುಡುಗಿ ಕೂಗಿ ಹೇಳಿದ್ದಳು. ಊರಿನ ಮುಖಂಡರು ಅವಳ ಪ್ರಕರಣವನ್ನು ಮುಂದಿಟ್ಟುಕೊಂಡು ಚಳವಳಿ ಹೂಡುವುದೇ ಬೇಡವೇ ಎಂದು ಚರ್ಚಿಸಿ ಬೇಡವೆಂದು ನಿರ್ಧರಿಸಿದರು. ವಯಸ್ಸು ಚಿಕ್ಕದು, ಬೇಗ ಸಿಟ್ಟಾಗುತ್ತಾಳೆ, ಬಡವರ ಕೇರಿಯವಳು ಎಂಬ ಕಾರಣಗಳಿದ್ದವು. ಮುಂದೆ ಅವಳು ಮದುವೆಯಿಲ್ಲದೆ ಗರ್ಭಿಣಿಯಾದಳು. ಇವುಗಳ ಜೊತೆಗೆ ಇನ್ನೊಂದು ಕಾರಣವನ್ನು ಕಾಲ್ವಿನ್ ದೊಡ್ಡವರಾದ ಮೇಲೆ ಅನೇಕ ಸಂದರ್ಶನಗಳಲ್ಲಿ ಬಾಯಿಬಿಟ್ಟು ಹೇಳಿದರು. ರೋಸಾ ಪಾರ್ಕ್ಸ್ ಅವರ ಮೈಬಣ್ಣ, ಕೂದಲು, ನಡೆನುಡಿ ಎಲ್ಲವೂ ಮಧ್ಯಮ ವರ್ಗದ ಗೌರವಸ್ಥ ಹೆಂಗಸಿನದೆಂದು ಜನ ಒಪ್ಪುವಂತಿದ್ದವು, ತನ್ನ ಬಣ್ಣ ಹಾಗಿರಲಿಲ್ಲ ಎಂದು. ಶಾಲೆಯ ದಿನಗಳಲ್ಲಿಯೇ ಅವರು ಕೂದಲನ್ನು ನೇರ ಮಾಡಿಸಿಕೊಳ್ಳುವುದನ್ನು ನಿಲ್ಲಿಸಿ, ಹಾಗೆಯೇ ಹೆಣೆದುಕೊಂಡು ತರಗತಿಗೆ ಬಂದಾಗ ಸಹಪಾಠಿಗಳು ಅವಳಿಗೆ ತಲೆ ಕೆಟ್ಟಿದೆ ಎಂದು ಆಡಿಕೊಂಡಿದ್ದರಂತೆ.

ಮುಖಂಡರ ಲೆಕ್ಕಾಚಾರ ನನಗೆ ಅರ್ಥವಾಗುತ್ತದೆ. ನ್ಯಾಯಾಲಯ, ಪತ್ರಿಕೆ, ಪೊಲೀಸ್ ಎಲ್ಲವೂ ಎದುರಾಗಿರುವಾಗ, ಒಂದು ಸಣ್ಣ ಕಳಂಕ ಸಿಕ್ಕಿದರೂ ಅದನ್ನೇ ಹಿಡಿದು ಇಡೀ ಸಮುದಾಯವನ್ನು ಹೊಡೆಯಲು ಕಾದು ಕುಳಿತಿದ್ದವರ ನಡುವೆ, ಯಾರೂ ಬೆರಳು ತೋರಿಸಲಾಗದ ಮುಖವೊಂದು ಅವರಿಗೆ ಬೇಕಿತ್ತು. ಆದರೆ ಗೆದ್ದ ಮೇಲೂ ಆ ಹುಡುಗಿಯನ್ನು ಯಾರೂ ಮುಂದಕ್ಕೆ ಕರೆಯಲಿಲ್ಲ, ಇದನ್ನು ಮಾತ್ರ ನನ್ನಿಂದ ಒಪ್ಪಲಾಗುವುದಿಲ್ಲ. ಬಸ್ಸುಗಳಲ್ಲಿನ ಪ್ರತ್ಯೇಕತೆ ಸಂವಿಧಾನಬಾಹಿರ ಎಂದು ತೀರ್ಪು ಬಂದದ್ದು ನಾಲ್ವರು ಹೆಂಗಸರು ಹೂಡಿದ ದಾವೆಯಲ್ಲಿ. ಆ ನಾಲ್ವರಲ್ಲಿ ಕಾಲ್ವಿನ್ ಒಬ್ಬರು, ಪಾರ್ಕ್ಸ್ ಅಲ್ಲ. 1956ರ ನವೆಂಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಪಾರ್ಕ್ಸ್ ಬಂಧನದ ನಂತರ ಊರಿನ ಕಪ್ಪು ಜನರು 381 ದಿನ ನಡೆಸಿದ ಬಸ್ ಬಹಿಷ್ಕಾರ ಡಿಸೆಂಬರಿನಲ್ಲಿ ಮುಗಿಯಿತು. ಬಾಲಾಪರಾಧಿ ಎಂಬ ದಾಖಲೆಯನ್ನು ನ್ಯಾಯಾಲಯ ಅಳಿಸಿಹಾಕಿದ್ದು 2021ರಲ್ಲಿ, ಕಾಲ್ವಿನ್ ಅವರಿಗೆ 82 ವರ್ಷ ತುಂಬಿದ ಮೇಲೆ.

ಪಾರ್ಕ್ಸ್ ಅವರಿಗಾದರೂ ನ್ಯಾಯ ಸಿಕ್ಕಿತೇ? ಅವರ ಪ್ರಸಿದ್ಧ ಫೋಟೊವನ್ನು ಗಮನವಿಟ್ಟು ನೋಡಿ. ಬಸ್ಸಿನ ಕಿಟಕಿಯ ಪಕ್ಕ ಕುಳಿತಿದ್ದಾರೆ, ಕನ್ನಡಕ, ಟೊಪ್ಪಿಗೆ, ಅಚ್ಚುಕಟ್ಟಾದ ಕೋಟು, ಕಣ್ಣು ಹೊರಗಿನ ಬೀದಿಯ ಮೇಲೆ. ಹಿಂದಿನ ಸೀಟಿನಲ್ಲಿ ಗಂಭೀರ ಮುಖದ ಬಿಳಿಯ ಗಂಡಸು. ಬಂಧನದ ದಿನದ ಚಿತ್ರವೆಂದು ಬಹಳ ಮಂದಿ ನಂಬಿರುವ ಈ ಫೋಟೊ ತೆಗೆದದ್ದು ಬಹಿಷ್ಕಾರ ಗೆದ್ದ ಮರುದಿನ, 1956ರ ಡಿಸೆಂಬರ್ 21ರಂದು, ಪತ್ರಿಕೆಗಳಿಗಾಗಿ. ಹಿಂದೆ ಕುಳಿತವರು ಒಬ್ಬ ವರದಿಗಾರರು. ಆ ಮೌನದ, ದಣಿದ ದರ್ಜಿ ಹೆಂಗಸಿನ ಚಿತ್ರ ಎಷ್ಟು ಗಟ್ಟಿಯಾಗಿ ನಿಂತಿತೆಂದರೆ, 42 ವರ್ಷದ ಪಾರ್ಕ್ಸ್ ಕತೆಗಳಲ್ಲಿ ಮುದುಕಿಯಾಗಿಬಿಟ್ಟರು. ಅವರು 1943ರಿಂದಲೇ ಕಪ್ಪು ಜನರ ಹಕ್ಕುಗಳ ಸಂಘಟನೆಯ ಸ್ಥಳೀಯ ಕಾರ್ಯದರ್ಶಿಯಾಗಿದ್ದರು. ರೆಸಿ ಟೇಲರ್ ಎಂಬ ಕಪ್ಪು ತಾಯಿಯ ಮೇಲೆ 1944ರಲ್ಲಿ ಬಿಳಿಯರ ಗುಂಪು ಅತ್ಯಾಚಾರ ಮಾಡಿದಾಗ ಆ ಊರಿಗೆ ಹೋಗಿ ಹೇಳಿಕೆ ಪಡೆದು ನ್ಯಾಯಕ್ಕಾಗಿ ಸಮಿತಿ ಕಟ್ಟಿದವರು ಇವರೇ. ಕಾಲು ನೋವಿಗೆ ನಾನು ಕುಳಿತದ್ದಲ್ಲ, ಬಗ್ಗಿ ಬಗ್ಗಿ ದಣಿದಿದ್ದೆ ಎಂದು ಅವರೇ ಮುಂದೆ ಸ್ಪಷ್ಟಪಡಿಸಿದ್ದರೂ, ನಮ್ಮ ಕಡೆಯ ಭಾಷಣಗಳಲ್ಲಿ ಇಂದಿಗೂ ಅವರ ಕಾಲು ನೋಯುತ್ತಲೇ ಇದೆ.

ಈ ಅಳತೆಗೋಲನ್ನು ಬಹಳ ಹಿಂದೆಯೇ ಗುರುತಿಸಿ, ಅದರೊಡನೆ ತನ್ನದೇ ರೀತಿಯಲ್ಲಿ ವ್ಯವಹರಿಸಿದ ಒಬ್ಬ ತಾಯಿ ಇದ್ದರು. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಳಾಗಿ ಹುಟ್ಟಿ, ಬಿಡುಗಡೆ ಪಡೆದು, ಊರೂರು ಸುತ್ತಿ ಗುಲಾಮಗಿರಿಯ ವಿರುದ್ಧ ಮಾತನಾಡಿದ ಸೊಜರ್ನರ್ ಟ್ರೂತ್. ಎತ್ತರದ ನಿಲುವು, ಗಟ್ಟಿ ಧ್ವನಿ. 1858ರಲ್ಲಿ ಇಂಡಿಯಾನಾದ ಒಂದು ಸಭೆಯಲ್ಲಿ, ಇವಳು ಹೆಂಗಸೇ ಅಲ್ಲ, ವೇಷ ಹಾಕಿದ ಗಂಡಸು ಎಂದು ಕೆಲವರು ಆಕ್ಷೇಪಿಸಿದಾಗ, ಈ ಎದೆ ಎಷ್ಟೋ ಬಿಳಿಯ ಮಕ್ಕಳಿಗೆ ಹಾಲೂಡಿದೆ ಎನ್ನುತ್ತಾ ಅವರು ತುಂಬಿದ ಸಭೆಯಲ್ಲಿ ಎದೆ ತೋರಿಸಬೇಕಾಯಿತು. ನಾಚಿಕೆ ನನಗಲ್ಲ, ನಿಮಗೆ ಎಂದರು. 1860ರ ದಶಕದಲ್ಲಿ ಅವರು ತಮ್ಮ ಫೋಟೊಗಳನ್ನು ತಾವೇ ತೆಗೆಸಿ, ಸಣ್ಣ ರಟ್ಟಿನ ಮೇಲೆ ಅಂಟಿಸಿ ಮಾರತೊಡಗಿದರು. ಬಿಳಿಯ ತಲೆವಸ್ತ್ರ, ಹೆಗಲಿಗೆ ಶಾಲು, ಕೈಯಲ್ಲಿ ಅರ್ಧ ಹೆಣೆದ ಉಣ್ಣೆ, ಪಕ್ಕದ ಪುಟ್ಟ ಮೇಜಿನ ಮೇಲೆ ಹೂವು ಮತ್ತು ಪುಸ್ತಕ. ಓದು ಬರಹ ಬಾರದ ಅವರು ಅದರಡಿ ಅಚ್ಚು ಹಾಕಿಸಿದ ಸಾಲು ಹೀಗಿದೆ: ಒಡಲನ್ನು ಸಾಕಲು ನೆರಳನ್ನು ಮಾರುತ್ತೇನೆ. ಒಂದು ಕಾಲದಲ್ಲಿ ತನ್ನ ದೇಹವನ್ನೇ ಬೇರೆಯವರು ಮಾರಿದ್ದನ್ನು ಕಂಡಿದ್ದ ಹೆಂಗಸು, ತನ್ನ ಚಿತ್ರದ ಹಕ್ಕನ್ನು ತನ್ನ ಹೆಸರಿನಲ್ಲಿ ನೋಂದಾಯಿಸಿಕೊಂಡಳು. ಹೋರಾಟಗಾರ್ತಿಯ ಫೋಟೊ ಹೋರಾಟಗಾರ್ತಿಯ ಕೈಯಲ್ಲೇ ಇದ್ದ ಅಪರೂಪದ ಉದಾಹರಣೆ ಇದು.

ನಮ್ಮೂರಿಗೆ ಬರುತ್ತೇನೆ. ಡೇವಿಸ್ ಆ ಪ್ರಬಂಧ ಬರೆದ 1994ರಲ್ಲಿಯೇ, ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ದಕ್ಷಿಣ ಆಫ್ರಿಕಾದ ಸನ್ ಸಿಟಿಯಲ್ಲಿ ವಿಶ್ವಸುಂದರಿಯಾದರು. ವರ್ಣಭೇದ ಕೊನೆಗೊಂಡು, ಕಪ್ಪು ಜನರು ಮೊದಲ ಬಾರಿಗೆ ಮತ ಹಾಕಿದ ವರ್ಷ ಅದು. ಎರಡನೆಯ ಸ್ಥಾನ ಪಡೆದವರು ಆ ದೇಶದವರೇ ಆದ ಕಪ್ಪು ಯುವತಿ. ನಮ್ಮ ಕರಾವಳಿಯ ಸಂತೋಷ ಸಹಜವೇ ಆಗಿತ್ತು, ಅವರ ಸಾಧನೆಯ ಬಗ್ಗೆ ನನ್ನ ತಕರಾರೂ ಇಲ್ಲ. ಆದರೆ ಆ ಹೆಮ್ಮೆ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಬಣ್ಣ ನೋಡುವ ಚಟಕ್ಕೆ ಇನ್ನಷ್ಟು ಬಲ ಕೊಟ್ಟದ್ದನ್ನು ನಾನು ಕಂಡಿದ್ದೇನೆ. ಬೆಳ್ಳಗಿನ ಹುಡುಗಿಯೇ ಬೇಕೆಂಬ ವಧು ಬೇಕಾಗಿದೆ ಜಾಹೀರಾತುಗಳು, ಕಪ್ಪಾದರೂ ಲಕ್ಷಣವಾಗಿದ್ದಾಳೆ ಎಂಬ ರಿಯಾಯಿತಿಯ ಮಾತು, ಮದುವೆಗೆ ಮುನ್ನ ಬ್ಯೂಟಿ ಪಾರ್ಲರಿನಲ್ಲಿ ಮುಖಕ್ಕೆ ಬ್ಲೀಚು, ಗುಂಗುರು ಕೂದಲಿಗೆ ಸ್ಟ್ರೈಟನಿಂಗ್. ಉಡುಪಿಯಲ್ಲಂತೂ ಬಣ್ಣದ ಮಾತು ಬಂದಾಗ ಹಿರಿಯರು ಕೃಷ್ಣನೂ ಕಪ್ಪಲ್ಲವೇ ಮಗಾ ಎಂದು ಸಮಾಧಾನ ಹೇಳುತ್ತಾರೆ. ಹೇಳುವವರ ಪ್ರೀತಿ ನಿಜ. ಆದರೆ ಸಮಾಧಾನ ಬೇಕಾದ ಸಂಗತಿ ಅದೆಂದು ಆ ಹುಡುಗಿಗೆ ತಿಳಿಯುವುದೂ ಆಗಲೇ.

ಮಂಗಳೂರಿಗೆ ಇನ್ನೊಬ್ಬ ಮಗಳಿದ್ದಾರೆ. 1903ರಲ್ಲಿ ಇಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರನ್ನೂ ಸೇರಿಸಿಕೊಳ್ಳಬೇಕೆಂದು ಗಾಂಧೀಜಿಯವರನ್ನು ಒಪ್ಪಿಸಿದವರು, 1930ರಲ್ಲಿ ಬೊಂಬಾಯಿಯ ಶೇರುಪೇಟೆಯೊಳಗೆ ನುಗ್ಗಿ ಉಪ್ಪಿನ ಪೊಟ್ಟಣ ಮಾರಿದವರು. ಅಮೆರಿಕ ಪ್ರವಾಸದಲ್ಲಿದ್ದಾಗ, 1941ರಲ್ಲಿ, ಆ ದೇಶದ ದಕ್ಷಿಣ ಭಾಗದ ರೈಲಿನಲ್ಲಿ ಬಿಳಿಯರ ಬೋಗಿಯಿಂದ ಎದ್ದು ಹೋಗುವಂತೆ ಟಿಕೆಟ್ ತಪಾಸಣೆಯವನು ಅವರಿಗೆ ಹೇಳಿದ. ಅವರು ಕದಲಲಿಲ್ಲ. ಇವರು ಅಮೆರಿಕದವರಲ್ಲ ಎಂಬ ಸಂಶಯ ಬಂದು ಯಾವ ದೇಶದವರೆಂದು ಕೆದಕಿದ. ಭಾರತದವಳು ಎಂದೊಡನೆ ಬಹುಶಃ ಕೂರಲು ಬಿಡುತ್ತಿದ್ದನೇನೋ. ಸೀರೆಗೂ ರುಮಾಲಿಗೂ ಅಲ್ಲಿ ಕೆಲವೊಮ್ಮೆ ಅಂಥ ವಿನಾಯಿತಿ ಸಿಗುತ್ತಿತ್ತು. ಕಮಲಾದೇವಿಯವರು ಆ ವಿನಾಯಿತಿಯನ್ನು ತೆಗೆದುಕೊಳ್ಳದೆ, ನಾನು ಬಣ್ಣದ ಹೆಂಗಸು, ಏಳುವ ಯೋಚನೆ ನನಗಿಲ್ಲ ಎಂದು ಉತ್ತರಿಸಿದರು. ಪಾರ್ಕ್ಸ್ ಅವರ ಬಂಧನಕ್ಕೆ ಇನ್ನೂ 14 ವರ್ಷಗಳಿದ್ದವು. ಬೇಕಿದ್ದರೆ ತಪ್ಪಿಸಿಕೊಳ್ಳಬಹುದಾಗಿದ್ದ ಒಂದು ಅವಮಾನದೊಳಗೆ ಅಲ್ಲಿನ ಕಪ್ಪು ಸೋದರಿಯರ ಜೊತೆ ತಾವಾಗಿ ನಿಂತ ಈ ಘಟನೆ ನನ್ನ ಮಟ್ಟಿಗೆ ಮಂಗಳೂರು ಹೆಮ್ಮೆಪಡಬೇಕಾದ ದೊಡ್ಡ ಸಂಗತಿಗಳಲ್ಲಿ ಒಂದು. ಆದರೆ ಇಲ್ಲಿ ಅವರ ಹೆಸರೆತ್ತಿದರೆ ಮೊದಲು ಬರುವುದು ಕೈಮಗ್ಗದ ಸೀರೆ, ಮುಡಿಯ ಹೂವು, ದೊಡ್ಡ ಬೆಳ್ಳಿಯ ಆಭರಣ. ಕರಕುಶಲ ಕಲೆಗಳಿಗೆ ಅವರು ಮಾಡಿದ ಕೆಲಸ ದೊಡ್ಡದು, ಅದನ್ನು ಮರೆಯಬಾರದು. ಆದರೂ ಇವರನ್ನೂ ನಾವು ಅಲಂಕಾರದಿಂದಲೇ ನೆನೆಯುತ್ತೇವಲ್ಲ ಎಂದು ಬೇಸರವಾಗುತ್ತದೆ.

ಕೆಲವು ವರ್ಷಗಳ ಹಿಂದೆ ಉಡುಪಿಯ ಒಂದು ಸಭೆಯಲ್ಲಿ ನಮ್ಮ ಕರಾವಳಿಯ ಬುಡಕಟ್ಟಾದ ಕೊರಗ ಸಮುದಾಯದ ಮಹಿಳೆಯೊಬ್ಬರು ಮುಖ್ಯ ಭಾಷಣ ಮಾಡಿದರು. ಕೊರಗರನ್ನು ಅವಮಾನಕರ ಸೇವೆಗಳಿಗೆ ಬಳಸಿಕೊಳ್ಳುವ ಅಜಲು ಪದ್ಧತಿಯನ್ನು ರಾಜ್ಯ 2000ದ ಕಾಯ್ದೆಯಿಂದ ನಿಷೇಧಿಸಿದ ಮೇಲೂ ಅದರ ನೆರಳು ಹೇಗೆ ಉಳಿದಿದೆ, ಕೃಷಿಭೂಮಿಗಾಗಿ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದವರ ಗತಿ ಏನಾಯಿತು ಎಂಬುದನ್ನು ಚೀಟಿ ನೋಡದೆ, ದಿನಾಂಕ ಸಮೇತ ಹೇಳಿದರು. ಸಭೆ ಉಸಿರು ಬಿಗಿಹಿಡಿದು ಕೇಳಿತು. ಮರುದಿನ ಪತ್ರಿಕೆಯೊಂದರಲ್ಲಿ ಬಂದ ಫೋಟೊ ದೀಪ ಬೆಳಗಿಸುವಾಗಿನದು. ಅತಿಥಿಗಳು ರೇಷ್ಮೆ ಸೀರೆ, ಬಿಳಿ ಅಂಗಿಗಳಲ್ಲಿ ನಗುತ್ತಿದ್ದರು. ಬಲ ಅಂಚಿನಲ್ಲಿ ಮುಖ್ಯ ಭಾಷಣ ಮಾಡಿದವರ ಅರ್ಧ ಭುಜ ಮಾತ್ರ ಉಳಿದಿತ್ತು. ಕೆಳಗೆ ಅತಿಥಿಗಳ ಹೆಸರು ಕೊಟ್ಟು 'ಮತ್ತಿತರರು ಉಪಸ್ಥಿತರಿದ್ದರು' ಎಂದಿತ್ತು. ಸಭೆಯಿಂದ ಹೊರಬರುವಾಗ ಕೇಳಿದ ಮಾತುಗಳೂ ನೆನಪಿವೆ: ಚೆನ್ನಾಗಿ ಮಾತಾಡಿದರು, ಆದರೆ ಬಾಯಿ ಸ್ವಲ್ಪ ಜೋರು, ಇಷ್ಟು ಸಿಟ್ಟು ಬೇಡವಿತ್ತು. ಅವರ ಧ್ವನಿಗಿಂತ ಎತ್ತರದ ಧ್ವನಿಯಲ್ಲಿ ಅದೇ ವೇದಿಕೆಯಿಂದ ಮಾತನಾಡಿದ ಗಂಡಸರನ್ನು ಓಜಸ್ವಿ ವಾಗ್ಮಿ ಎಂದು ಪರಿಚಯಿಸಿದ್ದೂ ಅದೇ ದಿನ. ಕೊರಗರ ಇತಿಹಾಸ ಬೇರೆ, ಅಮೆರಿಕದ ಕಪ್ಪು ಜನರ ಇತಿಹಾಸ ಬೇರೆ, ಎರಡನ್ನೂ ಒಂದೇ ಎನ್ನುವುದು ಎರಡಕ್ಕೂ ಮಾಡುವ ಅನ್ಯಾಯ. ಹೆಣ್ಣಿನ ಬಣ್ಣ ನೋಡಿ ಅವಳ ಮಾತಿಗೆ ಬೆಲೆ ಕಟ್ಟುವ ಕಣ್ಣು ಮಾತ್ರ ಎರಡು ಕಡೆಯೂ ಒಂದೇ ಬಗೆಯದು.

ಆ ಫೋಟೊವನ್ನು ಮರೆಯಬೇಕೆಂದಿದ್ದ ನನಗೆ 2020ರ ಜನವರಿಯಲ್ಲಿ ಅದು ಮತ್ತೆ ನೆನಪಾಯಿತು. ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಐವರು ಯುವ ಹವಾಮಾನ ಹೋರಾಟಗಾರ್ತಿಯರು ಹಿಮದ ಬೆಟ್ಟಗಳ ಎದುರು ನಿಂತು ಫೋಟೊ ತೆಗೆಸಿಕೊಂಡಿದ್ದರು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಹಂಚಿದ ಚಿತ್ರದಲ್ಲಿ ಗ್ರೇಟಾ ಥನ್‌ಬರ್ಗ್ ಸೇರಿ ನಾಲ್ವರು ಬಿಳಿಯ ಹುಡುಗಿಯರಿದ್ದರು. ಎಡ ತುದಿಯಲ್ಲಿದ್ದ ಉಗಾಂಡಾದ ವನೆಸ್ಸಾ ನಕಾಟೆಯವರನ್ನು ಕತ್ತರಿಸಿ ತೆಗೆಯಲಾಗಿತ್ತು. ಹಿಂದಿನ ಕಟ್ಟಡ ಚಿತ್ರವನ್ನು ಕೆಡಿಸುತ್ತಿತ್ತು, ಅದಕ್ಕೆ ಕತ್ತರಿಸಿದ್ದು ಎಂಬ ವಿವರಣೆ ಮೊದಲು ಬಂತು, ಕ್ಷಮೆ ಆಮೇಲೆ ಬಂತು. ನೀವು ಅಳಿಸಿದ್ದು ಒಂದು ಫೋಟೊವನ್ನಲ್ಲ, ಒಂದು ಖಂಡವನ್ನು ಎಂದು ನಕಾಟೆ ಉತ್ತರಿಸಿದರು. ಹವಾಮಾನದ ಏರುಪೇರಿನಿಂದ ಹೆಚ್ಚು ನೋಯುವ ಆಫ್ರಿಕಾದಿಂದ ಆ ಚಿತ್ರದಲ್ಲಿ ಇದ್ದವರು ಅವರೊಬ್ಬರೇ. ಇದಕ್ಕೂ ಮೊದಲು, 2017ರಲ್ಲಿ, 'ಮೀ ಟೂ' ಎಂಬ ಮಾತು ಲೋಕವನ್ನೆಲ್ಲ ಹಬ್ಬಿದ್ದು ಬಿಳಿಯ ನಟಿಯೊಬ್ಬರ ಟ್ವೀಟಿನಿಂದ. 2006ರಿಂದಲೇ ಆ ಮಾತನ್ನಿಟ್ಟುಕೊಂಡು ಬಡ ಕಪ್ಪು ಹುಡುಗಿಯರ ನಡುವೆ ಕೆಲಸ ಮಾಡುತ್ತಿದ್ದ ಟರಾನಾ ಬರ್ಕ್ ಅವರ ಮುಖ ಆ ವರ್ಷದ ಟೈಮ್ ಪತ್ರಿಕೆಯ ವರ್ಷದ ವ್ಯಕ್ತಿ ಸಂಚಿಕೆಯ ಮುಖಪುಟದಲ್ಲಿ ಇರಲಿಲ್ಲ, ಒಳಪುಟದಲ್ಲಿತ್ತು. ಅಮೆರಿಕದಲ್ಲಿ ಪೊಲೀಸರ ಕೈಯಲ್ಲಿ ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಕೊಲೆಯಾದ ನಂತರ, 2020ರಲ್ಲಿ, ನಮ್ಮ ಅಂಗಡಿಗಳ ಫೇರ್ ಅಂಡ್ ಲವ್ಲಿ ಕ್ರೀಮಿನ ಹೆಸರು ಗ್ಲೋ ಅಂಡ್ ಲವ್ಲಿ ಎಂದು ಬದಲಾಯಿತು. ಹೆಸರು ಬದಲಾಯಿತು, ಟ್ಯೂಬು ಅದೇ ಶೆಲ್ಫಿನಲ್ಲಿದೆ.

ಇವರೆಲ್ಲರ ನಡುವೆ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಫ್ಯಾನಿ ಲೂ ಹೇಮರ್ ಬಳಿ. ಮಿಸಿಸಿಪ್ಪಿಯ ಹತ್ತಿ ಹೊಲದ ಗೇಣಿ ಕೂಲಿಗಳ ಮನೆಯಲ್ಲಿ 20ನೆಯ ಮಗುವಾಗಿ 1917ರಲ್ಲಿ ಹುಟ್ಟಿದವರು. 1961ರಲ್ಲಿ ಸಣ್ಣ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆಗೆ ಹೋದಾಗ ಅವರನ್ನು ಕೇಳದೆಯೇ ಗರ್ಭಕೋಶ ತೆಗೆದುಹಾಕಿದರು. 1962ರಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದದ್ದಕ್ಕೆ ತೋಟದ ಒಡೆಯ ಮನೆಯಿಂದ ಹೊರಹಾಕಿದ. 1963ರ ಜೂನಿನಲ್ಲಿ ವಿನೋನಾದ ಜೈಲಿನಲ್ಲಿ ಬಿದ್ದ ಏಟುಗಳಿಂದ ಅವರ ಮೂತ್ರಪಿಂಡಕ್ಕಾದ ಪೆಟ್ಟು ಕೊನೆಯವರೆಗೂ ಮಾಯಲಿಲ್ಲ. ದಪ್ಪನೆಯ ಮೈ, ಕುಂಟು ನಡೆ, ಹೊಲದಲ್ಲಿ ಬೆಂದ ಮುಖ, ಹಳ್ಳಿಯ ಮಾತು. ಗೌರವಸ್ಥ ಹೋರಾಟಗಾರ್ತಿ ಹೇಗಿರಬೇಕೆಂಬ ಆ ಕಾಲದ ಕಲ್ಪನೆಗೆ, ಕಪ್ಪು ಮುಖಂಡರ ಕಲ್ಪನೆಗೂ, ಅವರು ಒಗ್ಗಲಿಲ್ಲ. 1964ರ ಆಗಸ್ಟ್ 22ರಂದು ಅಟ್ಲಾಂಟಿಕ್ ಸಿಟಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಿತಿಯೆದುರು ಅವರು ಸಾಕ್ಷ್ಯ ನುಡಿಯುತ್ತಿದ್ದಾಗ, ನೇರಪ್ರಸಾರವನ್ನು ಬೇರೆಡೆ ಸೆಳೆಯಲು ಅಧ್ಯಕ್ಷ ಜಾನ್ಸನ್ ತರಾತುರಿಯಲ್ಲಿ ಪತ್ರಿಕಾಗೋಷ್ಠಿ ಕರೆದರು. ಆ ಸಂಜೆ ವಾಹಿನಿಗಳು ಅವರ ಮಾತನ್ನು ಮತ್ತೆ ಪ್ರಸಾರ ಮಾಡಿದವು, ದೇಶವೆಲ್ಲ ಕೇಳಿತು. ಮಾತು ಶುರುವಾಗುವುದು ಅವರ ಹೆಸರು ಮತ್ತು ಮನೆಯ ಪೂರ್ತಿ ವಿಳಾಸದಿಂದ: 626 ಈಸ್ಟ್ ಲಫಾಯೆಟ್ ಸ್ಟ್ರೀಟ್, ರೂಲ್‌ವಿಲ್, ಮಿಸಿಸಿಪ್ಪಿ. ಮತ ಕೇಳಿದವರ ಮನೆಗಳ ಮೇಲೆ ರಾತ್ರಿ ಗುಂಡು ಹಾರುತ್ತಿದ್ದ ಕಾಲದಲ್ಲಿ, ಟಿವಿ ಕ್ಯಾಮೆರಾದ ಎದುರು.

ಆ ಸಾಕ್ಷ್ಯವನ್ನು ನಾನು ಕನ್ನಡಕ್ಕೆ ತಂದಿದ್ದೇನೆ. ನಮ್ಮ ಓದುಗರ ಬಳಗ ಅದನ್ನು ಮುಂದಿನ ತಿಂಗಳು ಉಡುಪಿಯಲ್ಲಿ ಗಟ್ಟಿಯಾಗಿ ಓದಿಸಲಿದೆ. ಓದುವವರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಒಬ್ಬ ಹಿರಿಯ ಮಹಿಳೆ. ಆಮಂತ್ರಣ ಪತ್ರಿಕೆಗೆ, ಮೈಕಿನ ಎದುರು ಹೇಮರ್ ಮಾತನಾಡುತ್ತಿರುವಾಗಲೇ ತೆಗೆದ ಫೋಟೊವನ್ನು ಆರಿಸಿಕೊಂಡು, ಅದರ ಕೆಳಗೆ ಸಾಕ್ಷ್ಯದ ಮೊದಲ ಸಾಲುಗಳನ್ನು ಅಚ್ಚು ಹಾಕಿಸಿದ್ದೇವೆ. ಓದಿನ ನಂತರ ಮಾತನಾಡಲು ಅಂದು ಅಂಚಿಗೆ ಉಳಿದಿದ್ದ ಆ ಕೊರಗ ಸೋದರಿಯನ್ನು ಕರೆದಿದ್ದೇವೆ, ಅವರು ಒಪ್ಪಿದ್ದಾರೆ. ದೀಪ ಬೆಳಗಿಸುವ ಕಾರ್ಯಕ್ರಮ ಇಟ್ಟುಕೊಂಡಿಲ್ಲ.